ಜರ್ಮನಿಯಲ್ಲಿ ಹುಟ್ಟುವ ಮಗುವಿಗೆ ಹೆಸರಿಡುವ ಬಗ್ಗೆ

ನಮಸ್ಕಾರ. ಸ್ಟುಟ್‌ಗಾರ್ಟಿಗೆ ಬಂದು ಆರು ತಿಂಗಳಾಗಿದೆ, ಫೆಬ್ರವರಿಯಲ್ಲಿ ಹೆರಿಗೆಯಿದೆ, ಆಸ್ಪತ್ರೆಯ ಅರ್ಜಿಯಲ್ಲಿ ಈಗಲೇ ಮಗುವಿನ ಹೆಸರು ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಊರಿನಲ್ಲಿ ನಿಮ್ಮ ತಂದೆ ತಾಯಿ, ನಕ್ಷತ್ರ ನೋಡದೆ ಹೆಸರಿಡಬಾರದು, ಗಂಡುಮಗುವಾದರೆ ತಾತನ ಹೆಸರೇ ಆಗಬೇಕು ಎನ್ನುತ್ತಿದ್ದಾರೆಂದೂ ತಿಳಿಸಿದ್ದೀರಿ. ಹದಿನಾರು ವರ್ಷಗಳಿಂದ ಈ ದೇಶದಲ್ಲಿದ್ದು ಇಬ್ಬರು ಮಕ್ಕಳಿಗೆ ಇಲ್ಲಿಯೇ ಹೆಸರಿಟ್ಟವನಾಗಿ ಹೇಳುವುದಾದರೆ, ನೀವು ಚಿಂತಿಸುತ್ತಿರುವುದು ಮಗುವಿನ ಹೆಸರಿನ ಬಗ್ಗೆ; ಚಿಂತಿಸಬೇಕಾದದ್ದು ಅದರ ಹಿಂದೆ ಬರುವ ಸರ್‌ನೇಮ್ ಬಗ್ಗೆ.

ಮೊದಲು ದಿನಗಳ ಲೆಕ್ಕ. ಹೆರಿಗೆಯಾದ ಒಂದು ವಾರದೊಳಗೆ ಆಸ್ಪತ್ರೆಯವರು ಜನನದ ಸುದ್ದಿಯನ್ನು ಸ್ಟಾಂಡೆಸಾಮ್ಟ್‌ಗೆ, ಅಂದರೆ ಜನನ, ಮದುವೆ, ಮರಣಗಳನ್ನು ದಾಖಲಿಸುವ ಕಚೇರಿಗೆ ಕಳುಹಿಸಬೇಕು. ಆದರೆ ಹೆಸರನ್ನು ತಿಳಿಸಲು ಕಾನೂನು ಒಂದು ತಿಂಗಳ ಕಾಲಾವಕಾಶ ಕೊಡುತ್ತದೆ. ಪುರುಡು ಕಳೆದು ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ನಾಮಕರಣ ಮಾಡುವ ನಮ್ಮ ರೂಢಿ ಆ ತಿಂಗಳೊಳಗೆ ಧಾರಾಳವಾಗಿ ಹಿಡಿಸುತ್ತದೆ. ನರ್ಸ್ ಎಷ್ಟೇ ಸಲ ಕೇಳಿದರೂ, ಹೆಸರನ್ನು ಆಮೇಲೆ ತಿಳಿಸುತ್ತೇವೆ ಎಂದು ಸಂಕೋಚವಿಲ್ಲದೆ ಹೇಳಿ. ಅತಿಯಾಗಿ ತಡಮಾಡಿದರೆ ಮಾತ್ರ ಜನನ ಪ್ರಮಾಣಪತ್ರವೂ ಅದನ್ನು ಆಧರಿಸಿದ ಮಕ್ಕಳ ಭತ್ಯೆಯೂ ಹಿಂದೆ ಬೀಳುತ್ತವೆ.

ನಕ್ಷತ್ರದ ವಿಷಯದಲ್ಲಿ ನಾವು ಒಮ್ಮೆ ಎಡವಿದ್ದೇವೆ. ನನ್ನ ಮಗ ಜನವರಿಯಲ್ಲಿ, ಇಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನ ಮೂರಕ್ಕೆ ಹುಟ್ಟಿದ. ದಾವಣಗೆರೆಯ ನಮ್ಮ ಪುರೋಹಿತರು ಅದೇ ಮೂರು ಗಂಟೆಯನ್ನು ಹಿಡಿದು ಪಂಚಾಂಗ ನೋಡಿ, ಆರಿದ್ರಾ ನಾಲ್ಕನೆಯ ಪಾದ, ‘ಛ’ ಅಕ್ಷರ ಎಂದುಬಿಟ್ಟರು. ಛತ್ರಪತಿ, ಛಾಯಾಪತಿಗಳ ಆಚೆ ಯಾರಿಗೂ ಒಂದು ಹೆಸರು ಹೊಳೆಯಲಿಲ್ಲ. ಚಂದ್ರನು ಯಾವ ನಕ್ಷತ್ರದಲ್ಲಿದ್ದಾನೆ ಎಂಬುದು ಆ ಕ್ಷಣಕ್ಕೆ ಲೋಕಕ್ಕೆಲ್ಲ ಒಂದೇ. ಊರಿನ ಪಂಚಾಂಗ ನೋಡುವವರಿಗೆ ಊರಿನ ಗಂಟೆಯನ್ನೇ ಕೊಡಬೇಕು. ಚಳಿಗಾಲದಲ್ಲಿ ಜರ್ಮನಿ ಭಾರತಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ. ಒಂದು ಪಾದ ಸುಮಾರು ಆರು ಗಂಟೆಯಷ್ಟೇ ಇರುವುದರಿಂದ ಈ ತಪ್ಪಿಗೆ ಅಕ್ಷರವೇ ಬದಲಾಗಿಬಿಡಬಹುದು. ಸಂಜೆ ಏಳೂವರೆ ಎಂದು ತಿದ್ದಿ ನೋಡಿದಾಗ ಪುನರ್ವಸು ಒಂದನೆಯ ಪಾದ, ‘ಕೇ’ ಎಂದು ಬಂತು; ಕೇದಾರ ಎಂಬ ಹೆಸರು ಸಿಕ್ಕಿತು. ಜಾತಕವನ್ನೂ ಬರೆಸುವುದಾದರೆ ಲಗ್ನಕ್ಕೆ ಹುಟ್ಟಿದ ಊರು ಬೇಕು, ಸ್ಟುಟ್‌ಗಾರ್ಟ್ ಎಂದು ಸ್ಪಷ್ಟವಾಗಿ ಹೇಳಿಬಿಡಿ.

ಆ ಕೇದಾರ ಎಂಬುದು ಅವನ ಯಾವ ಕಾಗದದಲ್ಲೂ ಇಲ್ಲ. ತೊಟ್ಟಿಲಿಲ್ಲದ ಬಾಡಿಗೆ ಮನೆಯಲ್ಲಿ ಬಟ್ಟೆ ಒಗೆಯುವ ಬುಟ್ಟಿಗೆ ಅಜ್ಜಿಯ ಹಳೆಯ ಸೀರೆ ಹಾಸಿ ಮಲಗಿಸಿದೆವು, ಸ್ಟೀಲ್ ತಟ್ಟೆಯಲ್ಲಿ ಬಾಸ್ಮತಿ ಅಕ್ಕಿ ಹರಡಿ ನನ್ನ ಮದುವೆಯ ಉಂಗುರದಿಂದ ಹೆಸರು ಬರೆದೆವು. ಸೋದರತ್ತೆಯಾದ ನನ್ನ ತಂಗಿ ದಾವಣಗೆರೆಯಲ್ಲಿದ್ದಳು. ಮಗುವಿನ ಬಲಗಿವಿಗೆ ಹಿಡಿದ ಫೋನಿನಲ್ಲಿ ಅವಳೇ ಮೂರು ಸಲ ಹೆಸರು ಕೂಗಿದಳು. ಕಿವಿಯಲ್ಲಿ ಊದುವ ಹೆಸರು ಬೇರೆ, ಶಾಲೆಗೆ ಬರೆಸುವ ಹೆಸರು ಬೇರೆ, ಮನೆಯಲ್ಲಿ ಕರೆಯುವ ಹೆಸರು ಬೇರೆ ಎಂಬುದು ನಮ್ಮಲ್ಲಿ ಮೊದಲಿನಿಂದಲೂ ಇದ್ದದ್ದೇ. ಮಾವನವರ ಹೆಸರಿಟ್ಟ ಮಗನನ್ನು ಸೊಸೆ ಹೆಸರು ಹಿಡಿದು ಬೈಯುವಂತಿಲ್ಲವೆಂದೇ ಎಷ್ಟು ಮನೆಗಳಲ್ಲಿ ಪುಟ್ಟ, ಅಪ್ಪಿ ಎಂಬ ಹೆಸರುಗಳು ಹುಟ್ಟಿಕೊಂಡಿಲ್ಲ! ಆದ್ದರಿಂದ ಹಿರಿಯರೊಡನೆ ಈ ವಿಷಯಕ್ಕೆ ಜಗಳ ಬೇಡ.

ಇನ್ನು ತಾತನ ಹೆಸರು. ಇಲ್ಲಿ ಇನಿಷಿಯಲ್ ಎಂಬುದಿಲ್ಲ. ಊರು, ತಂದೆ, ಆಮೇಲೆ ತಾನು ಎಂಬ ನಮ್ಮ ಕ್ರಮ ಇಲ್ಲಿಯ ಎರಡು ಕಾಲಂಗಳಲ್ಲಿ ಕೂರುವುದಿಲ್ಲ. ನಿಮ್ಮ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದೇ ಇವರ ಪಾಲಿಗೆ ನಿಮ್ಮ ಮನೆತನದ ಹೆಸರು. ನನ್ನದರಲ್ಲಿ ತಂದೆಯ ಹೆಸರಿತ್ತು, ಅದು ಹಾಗೆಯೇ ಮಕ್ಕಳಿಗೂ ಬಂತು. ಊರಿನಲ್ಲಾಗಿದ್ದರೆ ಅವರ ಹೆಸರಿನೊಂದಿಗೆ ನನ್ನ ಹೆಸರಿನ ಅಕ್ಷರ ಇರುತ್ತಿತ್ತು. ಇಲ್ಲಿ ಅವರು ತಾತನ ಹೆಸರನ್ನು ಪೂರ್ತಿಯಾಗಿ ಹೊತ್ತು ತಿರುಗುತ್ತಾರೆ. ಜರ್ಮನಿಯಲ್ಲಿ ಬಾಗಿಲ ಬೆಲ್ಲಿನ ಪಕ್ಕದಲ್ಲಿ ಮನೆ ನಂಬರ್ ಅಲ್ಲ, ಮನೆತನದ ಹೆಸರು ಇರುವುದನ್ನು ನೀವೂ ನೋಡಿರುತ್ತೀರಿ. ನನ್ನ ತಂದೆ ಮೊದಲ ಸಲ ಬಂದಾಗ ಆ ಫಲಕದ ಮುಂದೆ ನಿಂತು, ಕನ್ನಡಕ ಮೇಲಕ್ಕೆ ಸರಿಸಿ ತಮ್ಮ ಹೆಸರನ್ನು ಅಕ್ಷರ ಅಕ್ಷರ ಓದಿ, “ಬಾಡಿಗೆ ನೀನು ಕಟ್ಟೋದು, ಮನೆ ನಂದು” ಎಂದಿದ್ದರು. ನಿಮ್ಮದೂ ಹಾಗೆಯೇ ಇದ್ದರೆ, ತಾತನ ಹೆಸರು ಆಗಲೇ ಇಟ್ಟಾಯಿತು ಎಂದು ಮನೆಗೆ ಫೋನ್ ಮಾಡಿ ಹೇಳಿಬಿಡಬಹುದು.

ಗಂಡ ಹೆಂಡತಿಯ ಸರ್‌ನೇಮ್ ಬೇರೆ ಬೇರೆಯಿದ್ದರೆ ಹೆರಿಗೆಗೆ ಮುಂಚೆಯೇ ಕೂತು ತೀರ್ಮಾನಿಸಿ. 2025ರ ಮೇ 1ರಿಂದ ಹೆಸರಿನ ಕಾನೂನು ಸಡಿಲವಾಗಿದ್ದು ಎರಡನ್ನೂ ಜೋಡಿಸಿ ಇಡಬಹುದು. ಊರಿನ ರೂಢಿಯಂತೆ ನಿಮ್ಮ ಸ್ವಂತ ಹೆಸರನ್ನೇ ಮಗುವಿನ ಹಿಂದೆ ಹಾಕಬೇಕೆಂದಿದ್ದರೆ, ಭಾರತದ ಕಾನೂನನ್ನು ಆಯ್ದುಕೊಳ್ಳುವ ಬಗ್ಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಮೊದಲ ಹೆಸರಿಗೆ ಇಂದು ಹೆಚ್ಚಿನ ಅಡ್ಡಿಯಿಲ್ಲ. ಒಂದು ಕಾಲದಲ್ಲಿ ಹೆಸರು ಕೇಳಿದರೆ ಗಂಡೋ ಹೆಣ್ಣೋ ತಿಳಿಯಬೇಕೆಂದು ಹಟ ಹಿಡಿಯುತ್ತಿದ್ದರು. ಅದನ್ನು ಮುರಿದದ್ದು ನಮಗೆಲ್ಲ ಪರಿಚಿತವಾದ ಒಂದು ಹೆಸರು: ಮಗಳಿಗೆ ಕಿರಣ್ ಎಂದಷ್ಟೇ ಹೆಸರಿಡಲು ಬಯಸಿದ ತಂದೆ ತಾಯಿಯ ಪರವಾಗಿ ಇಲ್ಲಿಯ ಸಂವಿಧಾನ ನ್ಯಾಯಾಲಯ 2008ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಆದರೂ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಜರ್ಮನ್ ನೆರೆಯವರಿಂದ ಒಮ್ಮೆ ಓದಿಸಿ ನೋಡಿ. ‘ಜೆ’ಯನ್ನು ಇವರು ‘ಯ’ ಎನ್ನುವುದರಿಂದ ಜಯಾ ಹೋಗಿ ಯಾಯಾ ಆಗುತ್ತಾಳೆ. ಆಶಾ ಎಂದರೆ ಬೂದಿ ಎಂಬ ಅರ್ಥದ ಪದದಂತೆ ಕೇಳಿಸುತ್ತದೆ. ಶಿವನ ಒಕ್ಕಲಾದ ನಮಗೆ ಬೂದಿಯಿಂದ ಅವಮಾನವಿಲ್ಲ, ಶಾಲೆಯ ಅಂಗಳದಲ್ಲಿ ಅದನ್ನು ವಿವರಿಸುವುದು ಮಾತ್ರ ಮಗುವಿಗೆ ಕಷ್ಟ.

ನೀವು ಬಂದು ಆರೇ ತಿಂಗಳಾದ್ದರಿಂದ ನಿಮ್ಮ ಮಗು ಭಾರತದ ಪ್ರಜೆಯಾಗಿರುತ್ತದೆ. ಒಂದು ವರ್ಷದೊಳಗೆ ಮ್ಯೂನಿಕ್‌ನ ನಮ್ಮ ಕಾನ್ಸುಲೇಟಿನಲ್ಲಿ ಜನನವನ್ನು ನೋಂದಾಯಿಸಬೇಕು. ಪಾಸ್‌ಪೋರ್ಟಿಗೆ ಹೋಗುವುದು ಜರ್ಮನ್ ಪ್ರಮಾಣಪತ್ರದ ಕಾಗುಣಿತವೇ ಆದ್ದರಿಂದ, ಸ್ಟಾಂಡೆಸಾಮ್ಟ್‌ನಲ್ಲಿ ಸಹಿ ಹಾಕುವ ಮೊದಲು ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ. ನಿಮ್ಮಿಬ್ಬರಲ್ಲಿ ಯಾರದಾದರೂ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಈಗಲೇ ನನಗೆ ಬರೆಯಿರಿ, ಅದನ್ನು ಹೆರಿಗೆಯ ಹೊತ್ತಿಗೆ ಬಿಡುವುದು ಬೇಡ.