ಇಸ್ರೇಲ್-ಪ್ಯಾಲೆಸ್ತೀನ್ ಮಾತುಕತೆಯಲ್ಲಿ ಜೋರ್ಡಾನ್ ಹೆಸರು ಯಾಕೆ ಕೇಳಿಸುವುದಿಲ್ಲ?

ಗಾಜಾ ಕದನವಿರಾಮದ ಸುದ್ದಿಯಲ್ಲೆಲ್ಲ ಈಜಿಪ್ಟ್, ಕತಾರ್ ಹೆಸರೇ ಬರುತ್ತದೆ, ಇಸ್ರೇಲ್ ಜೊತೆ ಅಷ್ಟುದ್ದ ಗಡಿ ಇರುವ ಜೋರ್ಡಾನ್ ಸುಮ್ನೆ ಕೂತಿದೆಯಾ ಅಂತ ಕೇಳಿದ್ದೀರಿ.

ಕೂತಿಲ್ಲ. ಆದರೆ ಅದರ ಪಾಡೇ ಬೇರೆ. ಕತಾರ್‌ನವರು ದೂರದಿಂದ ಬಂದು ಇಬ್ಬರನ್ನೂ ಕೂರಿಸಿ ಮಾತಾಡಿಸಬಹುದು. ಜೋರ್ಡಾನ್‌ಗೆ ಈ ಜಗಳ ಮನೆಯೊಳಗೇ ಇದೆ. ವಿಶ್ವಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದ ಪ್ಯಾಲೆಸ್ತೀನ್ ನಿರಾಶ್ರಿತರೇ ಅಲ್ಲಿ 20 ಲಕ್ಷಕ್ಕಿಂತ ಜಾಸ್ತಿ. ಅವರಲ್ಲಿ ಹೆಚ್ಚಿನವರು ಆ ದೇಶದ ಪೌರರೂ ಹೌದು. ಪ್ಯಾಲೆಸ್ತೀನಿಯರಿಗೆ ಅವರದೇ ನೆಲದಲ್ಲಿ ದೇಶ ಸಿಗದೇ ಹೋದರೆ, ಉಳಿದವರನ್ನೂ ಜೋರ್ಡಾನ್ ನದಿ ದಾಟಿಸಿ 'ಜೋರ್ಡಾನೇ ಪ್ಯಾಲೆಸ್ತೀನ್' ಅಂದುಬಿಟ್ಟಾರು ಎಂಬ ಭಯ ಜೋರ್ಡಾನಿನ ರಾಜಧಾನಿ ಅಮ್ಮಾನ್‌ಗೆ ಇದೆ. ಇಸ್ರೇಲಿನ ಬಲಪಂಥೀಯರಲ್ಲಿ ಕೆಲವರು ಇದನ್ನು ಬಾಯಿಬಿಟ್ಟು ಹೇಳುತ್ತಲೂ ಬಂದಿದ್ದಾರೆ. ಜೋರ್ಡಾನಿನ ಈಚಿನ ರಾಜತಾಂತ್ರಿಕತೆಯೆಲ್ಲ ಈ ಭಯದ ಸುತ್ತಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಹೀಗಿರಲಿಲ್ಲ. ಆಗ ಅದಕ್ಕೆ ಆ ನೆಲವೇ ಬೇಕಿತ್ತು. 1948ರ ಯುದ್ಧದಲ್ಲಿ ನದಿಯ ಪಶ್ಚಿಮ ದಂಡೆಯ ನೆಲ, ಅಂದರೆ ವೆಸ್ಟ್ ಬ್ಯಾಂಕ್, ಕೈಗೆ ಬಂತು. 1950ರಲ್ಲಿ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಮರುವರ್ಷವೇ ರಾಜ ಅಬ್ದುಲ್ಲಾ ಅವರನ್ನು ಜೆರುಸಲೇಮಿನ ಅಲ್ ಅಕ್ಸಾ ಮಸೀದಿಯಲ್ಲಿ ಪ್ಯಾಲೆಸ್ತೀನ್ ಯುವಕನೊಬ್ಬ ಗುಂಡಿಟ್ಟು ಕೊಂದ. ಪಕ್ಕದಲ್ಲೇ ಇದ್ದ ಹದಿಹರೆಯದ ಮೊಮ್ಮಗನೇ ಮುಂದೆ ರಾಜನಾದ ಹುಸೇನ್. 1967ರ ಯುದ್ಧದಲ್ಲಿ ಅದೇ ಹುಸೇನ್ ವೆಸ್ಟ್ ಬ್ಯಾಂಕನ್ನು, ಪೂರ್ವ ಜೆರುಸಲೇಮನ್ನು ಇಸ್ರೇಲ್‌ಗೆ ಕಳೆದುಕೊಂಡರು. 1974ರಲ್ಲಿ ರಬಾತ್‌ನಲ್ಲಿ ಸೇರಿದ ಅರಬ್ ನಾಯಕರು ಪ್ಯಾಲೆಸ್ತೀನಿಯರ ಪರ ಮಾತಾಡುವ ಹಕ್ಕು ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಗೆ (ಪಿಎಲ್ಒ) ಮಾತ್ರ ಎಂದು ತೀರ್ಮಾನಿಸಿದರು. ಹುಸೇನ್ ಕೈಯಲ್ಲಿ ನೆಲವೂ ಇಲ್ಲ, ಮಾತಾಡುವ ಹಕ್ಕೂ ಇಲ್ಲ.

ಆದರೂ ಬಿಡಲಿಲ್ಲ. ಇಸ್ರೇಲಿ ನಾಯಕರ ಜೊತೆ ವರ್ಷಗಟ್ಟಲೆ ಗುಟ್ಟಾಗಿ ಭೇಟಿ ನಡೆಸಿದರು. ಅದರಲ್ಲಿ 1987ರ ಏಪ್ರಿಲ್‌ನ ಲಂಡನ್ ಭೇಟಿ ನನಗೆ ತುಂಬಾ ಇಷ್ಟ. ಆಗ ಇಸ್ರೇಲಿನ ವಿದೇಶಾಂಗ ಸಚಿವರಾಗಿದ್ದ ಶಿಮೋನ್ ಪೆರೆಸ್ ಮತ್ತು ಹುಸೇನ್, ಪರಿಚಯದ ವಕೀಲರೊಬ್ಬರ ಮನೆಯಲ್ಲಿ ಸೇರಿದರು. ಸುದ್ದಿ ಹೊರಗೆ ಹೋಗಬಾರದೆಂದು ಅವತ್ತು ಆಳುಗಳಿಗೆಲ್ಲ ರಜೆ. ಮನೆಯೊಡತಿಯೇ ಅಡುಗೆ ಮಾಡಿ ಬಡಿಸಿದರು. ಊಟವಾದ ಮೇಲೆ ಪಾತ್ರೆ ತೊಳೆಯೋಣ ಅಂತ ಇಬ್ಬರೂ ಮುಂದಾದರಂತೆ, ಆಕೆ ಬಿಡಲಿಲ್ಲವಂತೆ. ಇದು ಪೆರೆಸ್ ಹೇಳಿಕೊಂಡ ಕಥೆ. ಆ ದಿನ ಒಂದು ಒಪ್ಪಂದಕ್ಕೂ ಬಂದರು: ಅಂತರರಾಷ್ಟ್ರೀಯ ಸಮ್ಮೇಳನ ನಡೆಯಬೇಕು, ಪ್ಯಾಲೆಸ್ತೀನಿಯರು ಜೋರ್ಡಾನ್ ನಿಯೋಗದ ಜೊತೆಯಲ್ಲೇ ಬರಬೇಕು. ಇಸ್ರೇಲ್ ಪ್ರಧಾನಿ ಶಮೀರ್ ಅದನ್ನು ತಳ್ಳಿಹಾಕಿದರು. ಅಲ್ಲಿಗೆ ಮುಗಿಯಿತು.

ಅದೇ ಡಿಸೆಂಬರ್‌ನಲ್ಲಿ ಇಸ್ರೇಲ್ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ, ಇಂತಿಫಾದಾ, ಶುರುವಾಯಿತು. ಬೀದಿಗಿಳಿದ ಹುಡುಗರಿಗೆ ಅಮ್ಮಾನ್‌ನ ರಾಜ ಬೇಕಿರಲಿಲ್ಲ. 1988ರ ಜುಲೈ 31ರಂದು ಹುಸೇನ್ ವೆಸ್ಟ್ ಬ್ಯಾಂಕ್ ಜೊತೆಗಿನ ಆಡಳಿತದ, ಕಾನೂನಿನ ನಂಟನ್ನು ಕಡಿದುಕೊಂಡರು. ಇದನ್ನು ಸೋಲು ಅಂತ ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ಯಾಲೆಸ್ತೀನ್ ಬೇರೆ, ಜೋರ್ಡಾನ್ ಬೇರೆ ಎಂದು ಗೆರೆ ಎಳೆದದ್ದು ಅವತ್ತೇ. ನೋವಾಗಿದ್ದು ವೆಸ್ಟ್ ಬ್ಯಾಂಕಿನ ಸಾಮಾನ್ಯ ಜನಕ್ಕೆ. ಒಂದೇ ಘೋಷಣೆಯಲ್ಲಿ ಅವರ ಜೋರ್ಡಾನ್ ಪೌರತ್ವ ಹೋಯಿತು.

ಇನ್ನು 1991ರ ಮ್ಯಾಡ್ರಿಡ್ ಶಾಂತಿ ಸಮ್ಮೇಳನ. ಪಿಎಲ್ಒ ಜೊತೆ ಕೂರುವುದಿಲ್ಲ ಎಂದು ಇಸ್ರೇಲ್ ಹಠ ಹಿಡಿದಿತ್ತು. ಹಾಗಾಗಿ ಜೋರ್ಡಾನ್ ತನ್ನ ನಿಯೋಗದೊಳಗೆ ಪ್ಯಾಲೆಸ್ತೀನಿಯರಿಗೆ ಜಾಗ ಕೊಟ್ಟಿತು. ಲಂಡನ್‌ನ ಅದೇ ಉಪಾಯ, ಈ ಸಲ ಶಮೀರ್ ಎದುರಲ್ಲೇ! ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮುಂದಿನ ಸುತ್ತು ಶುರುವಾದಾಗ ಒಂದು ವಿಚಿತ್ರ ನಡೆಯಿತು. ನಮ್ಮದು ಪ್ರತ್ಯೇಕ ನಿಯೋಗ, ನಮಗೆ ಬೇರೆ ಕೋಣೆ ಬೇಕು ಎಂದರು ಪ್ಯಾಲೆಸ್ತೀನಿಯರು. ಇಲ್ಲ, ನೀವು ಜೋರ್ಡಾನಿನವರ ಜೊತೆ ಬಂದವರು ಎಂದಿತು ಇಸ್ರೇಲ್. ಯಾರೂ ಕೋಣೆಯೊಳಗೆ ಕಾಲಿಡಲಿಲ್ಲ. ಮೂರೂ ಕಡೆಯ ಮುಖ್ಯಸ್ಥರಾದ ಜೋರ್ಡಾನಿನ ಅಬ್ದುಲ್ ಸಲಾಂ ಮಜಾಲಿ, ಗಾಜಾದ ಹೈದರ್ ಅಬ್ದುಲ್ ಶಾಫಿ, ಇಸ್ರೇಲಿನ ಎಲ್ಯಾಕಿಂ ರುಬಿನ್‌ಸ್ಟೈನ್, ಅಮೆರಿಕದ ವಿದೇಶಾಂಗ ಇಲಾಖೆಯ ಕಾರಿಡಾರ್‌ನಲ್ಲಿ ಸೋಫಾ ಮೇಲೆ ಕೂತು ದಿನಗಟ್ಟಲೆ ಇದನ್ನೇ ಚರ್ಚಿಸಿದರು. ಮಜಾಲಿ ಮನಸ್ಸು ಮಾಡಿದ್ದರೆ ಒಳಗೆ ಹೋಗಿ ತಮ್ಮ ದೇಶದ ಕೆಲಸ ಶುರು ಮಾಡಬಹುದಿತ್ತು. ಮಾಡಲಿಲ್ಲ. ಕೊನೆಗೆ ಜನವರಿಯಲ್ಲಿ, ಹೆಸರಿಗೆ ಜಂಟಿ ನಿಯೋಗವಾದರೂ ಮಾತುಕತೆ ಎರಡು ಹಳಿಯಲ್ಲಿ ನಡೆಯಲಿ ಎಂದು ಒಪ್ಪಿಗೆಯಾಯಿತು. ಪ್ಯಾಲೆಸ್ತೀನಿಯರು ತಮ್ಮ ಪರವಾಗಿ ತಾವೇ ಮಾತಾಡುವ ಹಾಗಾಯಿತು.

ಇಷ್ಟೆಲ್ಲ ಮಾಡಿದ ಜೋರ್ಡಾನ್‌ಗೆ ಪಿಎಲ್ಒ ನಾಯಕ ಅರಾಫತ್ ಕೊಟ್ಟ ಪ್ರತಿಫಲ ಏನು ಗೊತ್ತಾ? ನಾರ್ವೆಯ ಓಸ್ಲೋದಲ್ಲಿ ಇಸ್ರೇಲ್ ಜೊತೆ ಗುಟ್ಟಾಗಿ ಬೇರೆ ಮಾತುಕತೆ ನಡೆಸಿ, ಹುಸೇನ್‌ಗೆ ಹೇಳದೆ ಮುಗಿಸಿಬಿಟ್ಟರು. ರಾಜನಿಗೆ ಸಿಟ್ಟು ಬಂತು. ದಾರಿಯೂ ತೆರೆಯಿತು. 1993ರ ಸೆಪ್ಟೆಂಬರ್ 13ರಂದು ಅರಾಫತ್ ಮತ್ತು ಇಸ್ರೇಲ್ ಪ್ರಧಾನಿ ರಬಿನ್ ಕೈಕುಲುಕಿದರೆ, ಮರುದಿನವೇ ಜೋರ್ಡಾನ್ ಇಸ್ರೇಲ್ ಜೊತೆ ಮಾತುಕತೆಯ ವಿಷಯಪಟ್ಟಿಗೆ ಸಹಿ ಹಾಕಿತು. 1994ರ ಅಕ್ಟೋಬರ್ 26ರಂದು ಅರಾವಾ ಗಡಿಯಲ್ಲಿ ಶಾಂತಿ ಒಪ್ಪಂದವೇ ಆಯಿತು. ಗಡಿ ಎಲ್ಲಿ ಎಂಬುದು ಬರಹದಲ್ಲಿ ಬಂತು. ನೀರಿನ ಪಾಲು ಸಿಕ್ಕಿತು. ಜೆರುಸಲೇಮಿನ ಮುಸ್ಲಿಂ ಪವಿತ್ರ ಸ್ಥಳಗಳ ವಿಷಯದಲ್ಲಿ ಜೋರ್ಡಾನಿನ ವಿಶೇಷ ಪಾತ್ರವನ್ನು ಇಸ್ರೇಲ್ ಗೌರವಿಸುತ್ತದೆ ಎಂದೂ ಬರೆಸಿಕೊಂಡರು. ಈ ಸಲ ಉರಿದದ್ದು ಅರಾಫತ್‌ಗೆ. ಪೂರ್ವ ಜೆರುಸಲೇಮ್ ತಮ್ಮ ರಾಜಧಾನಿಯಾಗಬೇಕು ಎನ್ನುವವರಿಗೆ ಇನ್ನೇನಾಗಬೇಕು, ಅಲ್ವಾ? ಆ ಜಗಳ ಕಾಗದದ ಮೇಲೆ ತೀರಿದ್ದು 2013ರಲ್ಲಿ. ಆ ವರ್ಷ ಪ್ಯಾಲೆಸ್ತೀನ್ ಅಧ್ಯಕ್ಷ ಮಹಮೂದ್ ಅಬ್ಬಾಸ್ ಅಮ್ಮಾನ್‌ಗೆ ಬಂದು ಆ ಪವಿತ್ರ ಸ್ಥಳಗಳ ಮೇಲೆ ಜೋರ್ಡಾನ್ ರಾಜನ ಉಸ್ತುವಾರಿಯನ್ನು ಒಪ್ಪಿ ಸಹಿ ಹಾಕಿದರು.

ಹುಸೇನ್‌ಗೆ ಎರಡೂ ಕಡೆ ಎಷ್ಟು ಹಿಡಿತವಿತ್ತು ಅಂತ ನೋಡಬೇಕಾದರೆ 1997ರ ಸೆಪ್ಟೆಂಬರ್ ನೋಡಿ. ಕೆನಡಾ ಪಾಸ್‌ಪೋರ್ಟ್ ಇಟ್ಟುಕೊಂಡ ಇಸ್ರೇಲಿ ಗುಪ್ತಚರ ಸಂಸ್ಥೆ ಮೊಸಾದ್‌ನ ಏಜೆಂಟರು ಅಮ್ಮಾನ್‌ನ ಬೀದಿಯಲ್ಲೇ ಪ್ಯಾಲೆಸ್ತೀನ್‌ನ ಸಶಸ್ತ್ರ ಸಂಘಟನೆ ಹಮಾಸ್‌ನ ನಾಯಕ ಖಾಲಿದ್ ಮಶಾಲ್ ಕಿವಿಗೆ ವಿಷ ಹೊಡೆದರು. ಇಬ್ಬರು ಸಿಕ್ಕಿಬಿದ್ದರು. ಪ್ರತಿವಿಷ ಕೊಡದಿದ್ದರೆ ಸಂಬಂಧ ಮುಗಿಯಿತು ಎಂದು ಹುಸೇನ್ ಪಟ್ಟು ಹಿಡಿದರು. ಕ್ಲಿಂಟನ್ ಮಧ್ಯೆ ಬಂದರು, ನೆತನ್ಯಾಹು ಪ್ರತಿವಿಷ ಕಳಿಸಬೇಕಾಯಿತು. ಜೊತೆಗೆ ಹಮಾಸ್ ಸ್ಥಾಪಕ ಅಹ್ಮದ್ ಯಾಸಿನ್ ಅವರನ್ನೂ ಜೈಲಿನಿಂದ ಬಿಡಬೇಕಾಯಿತು. ಮರುವರ್ಷ ಅಮೆರಿಕದ ವೈ ನದಿ ಬಳಿ ನಡೆದ ಇಸ್ರೇಲ್-ಪ್ಯಾಲೆಸ್ತೀನ್ ಮಾತುಕತೆ ಕಗ್ಗಂಟಾದಾಗ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಇದೇ ಹುಸೇನ್, ತಲೆಗೂದಲೆಲ್ಲ ಉದುರಿದ ಸ್ಥಿತಿಯಲ್ಲಿ ಆಸ್ಪತ್ರೆಯಿಂದ ಬಂದು ನೆತನ್ಯಾಹು, ಅರಾಫತ್ ಇಬ್ಬರಿಗೂ ಬುದ್ಧಿ ಹೇಳಿದರು. 1999ರ ಫೆಬ್ರವರಿಯಲ್ಲಿ ತೀರಿಕೊಂಡರು.

ಮಗ ಅಬ್ದುಲ್ಲಾ ಕಾಲದಲ್ಲೂ ಸಭೆಗಳಾಗಿವೆ: 2003ರಲ್ಲಿ ಅಕಾಬಾ, 2012ರ ಜನವರಿಯಲ್ಲಿ ಅಮ್ಮಾನ್, 2023ರ ಫೆಬ್ರವರಿಯಲ್ಲಿ ಮತ್ತೆ ಅಕಾಬಾ. ಫಲ ಅಷ್ಟಕ್ಕಷ್ಟೇ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಕದನವಿರಾಮ ಮಾಡಿಸಬೇಕಾದರೆ ಹಮಾಸ್ ಜೊತೆ ಮಾತಾಡಬೇಕು. ಜೋರ್ಡಾನ್ 1999ರಲ್ಲೇ ಹಮಾಸ್ ಕಚೇರಿಗಳನ್ನು ಮುಚ್ಚಿಸಿ ನಾಯಕರನ್ನು ಹೊರಗೆ ಹಾಕಿತು. ಮಶಾಲ್ ಹೋಗಿದ್ದು ಕತಾರ್‌ಗೆ. ಗಾಜಾಕ್ಕೆ ಗಡಿ ಇರುವುದು ಈಜಿಪ್ಟ್ ಜೊತೆ, ಜೋರ್ಡಾನ್ ಜೊತೆ ಅಲ್ಲ. ಆ ಮೇಜಿನಲ್ಲಿ ಅಮ್ಮಾನ್‌ಗೆ ಕುರ್ಚಿ ಇಲ್ಲದಿರುವುದು ಅದಕ್ಕೇ. ಆದರೆ ಗಾಜಾದ ಜನರನ್ನು ಈಜಿಪ್ಟ್, ಜೋರ್ಡಾನ್‌ಗೆ ಕಳಿಸೋಣ ಎಂದು ಟ್ರಂಪ್ ಹೇಳಿದಾಗ ನೋಡಿ. 2025ರ ಫೆಬ್ರವರಿಯಲ್ಲಿ ಶ್ವೇತಭವನಕ್ಕೆ ಹೋದ ಅಬ್ದುಲ್ಲಾ, ಕಾಯಿಲೆ ಬಿದ್ದ 2,000 ಮಕ್ಕಳನ್ನು ಚಿಕಿತ್ಸೆಗೆ ಕರೆದುಕೊಳ್ಳುತ್ತೇವೆ ಎಂದರು. ಜನರನ್ನು ಅವರ ನೆಲದಿಂದ ಎಬ್ಬಿಸುವುದಕ್ಕೆ ಮಾತ್ರ ಒಪ್ಪಲಿಲ್ಲ.