ತೃಪ್ತಿ ಅಂದರೆ ಆಸೆ ಬಿಡುವುದಲ್ಲ
ಯಹೂದಿಗಳಲ್ಲೂ ತೃಪ್ತಿ ಅಂದ್ರೆ ಆಸೆ ಬಿಡೋದೇನಾ ಅಂತ ಕೇಳಿದ್ದೀರಿ. ಅಲ್ಲ. ‘ಯಾರು ಶ್ರೀಮಂತ? ತನ್ನ ಪಾಲಿಗೆ ಬಂದದ್ದರಲ್ಲಿ ಸಂತೋಷಪಡುವವನು’ ಅಂತ ಪ್ರಾಚೀನ ಯಹೂದಿ ಪಂಡಿತ ಬೆನ್ ಜೋಮಾ ಹೇಳಿದ್ದು ನಿಜ, ಆದರೆ ಅಲ್ಲಿ ಒತ್ತು ಇರೋದು ಸಂತೋಷದ ಮೇಲೆ.

ಊಟದ ವಿಷಯವನ್ನೇ ನೋಡಿ. ಉಂಡು ತೃಪ್ತರಾದ ಮೇಲೆ ದೇವರನ್ನು ಕೊಂಡಾಡಿ ಅನ್ನುತ್ತದೆ ಯಹೂದಿಗಳ ಪವಿತ್ರ ಗ್ರಂಥದ ಭಾಗವಾದ ಧರ್ಮೋಪದೇಶಕಾಂಡ. ಅಂದರೆ ಹೊಟ್ಟೆ ತುಂಬಿದ ಮೇಲೆ ತಾನೆ? ಆದರೂ ಆಲಿವ್ ಕಾಯಿಯಷ್ಟು ರೊಟ್ಟಿ ತಿಂದರೂ ಆ ಪ್ರಾರ್ಥನೆ ಹೇಳಬೇಕು ಅಂತ ಹಿರಿಯರು ತಮಗೆ ತಾವೇ ಕಟ್ಟು ಹಾಕಿಕೊಂಡರು. ನನ್ನ ಮನಸ್ಸು ಸೋತದ್ದು ಇಲ್ಲೇ.

ಇನ್ನು ಬೆಳಗ್ಗೆ ಎಚ್ಚರವಾದ ಕೂಡಲೇ, ಕೈ ತೊಳೆಯುವ ಮೊದಲೇ ಹೇಳುವ ‘ಮೊದೆ ಅನಿ’ (‘ಕೃತಜ್ಞ ನಾನು’) ಅನ್ನುವ ಪ್ರಾರ್ಥನೆ. ಹೀಬ್ರೂವಿನಲ್ಲಿ ‘ಕೃತಜ್ಞ’ ಅನ್ನುವ ಮಾತು ಮೊದಲು, ‘ನಾನು’ ಆಮೇಲೆ. ಹೆಂಗಸರು ‘ಮೊದಾ ಅನಿ’ ಅನ್ನುತ್ತಾರೆ.