ಫಲಿತಾಂಶದ ಹೊತ್ತಿಗೆ ಮನೆಯಲ್ಲಿ ಯಾರಿರಬೇಕು?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಪರೀಕ್ಷೆ ಬರೆದಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611 ಬಂದಿತ್ತು, ಪೇಟೆಯಲ್ಲಿ ಫ್ಲೆಕ್ಸ್ ಹಾಕಿದ್ದರು. ಈಗ ರಾತ್ರಿ ಎರಡರವರೆಗೂ ಎಚ್ಚರವಿರುತ್ತಾಳೆ, ಊಟ ಸೇರುವುದಿಲ್ಲ, ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಹಿಡಿದು ಮತ್ತೆ ಮತ್ತೆ ಅಂಕ ಲೆಕ್ಕ ಹಾಕುತ್ತಾಳೆ. ನಾವು ಒಂದು ದಿನವೂ ಬೈದವರಲ್ಲ. ಒಳ್ಳೆಯ ಅಂಕ ಬರಲೆಂದು ಕಟೀಲಿಗೆ ಹೂವಿನ ಪೂಜೆಯ ಹರಕೆ ಹೇಳಿಕೊಂಡಿದ್ದೇನೆ. ಮೊನ್ನೆ ‘ಕಡಿಮೆ ಬಂದರೆ ನಾನು ಇರುವುದಿಲ್ಲ’ ಎಂದಳು. ಇದು ಸಿಟ್ಟಿನಲ್ಲಿ ಆಡಿದ ಮಾತೇ?
- ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಸಿಟ್ಟಿನ ಮಾತೋ ಅಲ್ಲವೋ ಎಂದು ಊಹಿಸುತ್ತ ಕೂರಬೇಡಿ, ಅವಳನ್ನೇ ಕೇಳಿ. ಇಂದೇ, ಬೇರೆ ಯಾರೂ ಇಲ್ಲದಾಗ ಪಕ್ಕದಲ್ಲಿ ಕುಳಿತು, ‘ಸಾಯಬೇಕು ಎಂಬ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರು ಬಹಳ. ಹಾಗೇನೂ ಆಗುವುದಿಲ್ಲ, ಹೇಳಿಕೊಳ್ಳಲು ಒಬ್ಬರು ಸಿಕ್ಕರಲ್ಲ ಎಂದು ಮಕ್ಕಳಿಗೆ ಹಗುರವಾಗುವುದೇ ಹೆಚ್ಚು. ಹೌದು ಎಂದರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದರೆ, ಒಬ್ಬಳನ್ನೇ ಬಿಡಬೇಡಿ. ಮನೆಯ ಮಾತ್ರೆಗಳನ್ನೂ ತೋಟದ ಔಷಧಿಯನ್ನೂ ಬೀಗ ಹಾಕಿಡಿ. ಅಂದೇ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಉಡುಪಿಯ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ರಾತ್ರಿಯಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ನೀವು ಬೈದಿಲ್ಲ ಎಂಬುದನ್ನು ನಂಬುತ್ತೇನೆ. ನಮ್ಮ ಕರಾವಳಿಯಲ್ಲಿ ಒತ್ತಡ ಬೈಗುಳದ ರೂಪದಲ್ಲಿ ಬರುವುದು ಅಪರೂಪ, ಅಭಿಮಾನದ ರೂಪದಲ್ಲೇ ಬರುವುದು ಹೆಚ್ಚು. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಅದೇ ವರ್ಷದ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ‘ಬುದ್ಧಿವಂತರ ಜಿಲ್ಲೆ’ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುವುದರ ಬಾಡಿಗೆಯನ್ನು ಹದಿನೇಳು ವರ್ಷದ ಮಕ್ಕಳು ಕಟ್ಟುತ್ತಿದ್ದಾರೆ. ಆ 611 ನಿಮ್ಮ ಮಗಳ ಅಂಕವಾಗಿ ಉಳಿಯಲಿಲ್ಲ. ಅದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನದ್ದಾಯಿತು, ದುಬೈಯಲ್ಲಿರುವ ಮಾವನದ್ದಾಯಿತು, ಫ್ಲೆಕ್ಸ್ ಹಾಕಿದವರದ್ದಾಯಿತು. (ಮಕ್ಕಳ ಮುಖವನ್ನು ಅಂಕದ ಜೊತೆ ರಸ್ತೆ ಬದಿಯಲ್ಲಿ ಕಟ್ಟುವ ಈ ಚಾಳಿ ನನಗೆ ಕಿಂಚಿತ್ತೂ ಹಿಡಿಸುವುದಿಲ್ಲ.) ಎರಡು ವರ್ಷದ ಹಿಂದಿನ ತನ್ನದೇ ಸಂಖ್ಯೆಗೆ ಅವಳು ಹೆದರುತ್ತಿದ್ದಾಳೆ. ನೀವು ‘ಎಷ್ಟು ಬಂದರೂ ಸಾಕು’ ಎಂದರೂ ಅದು ಅವಳ ಕಿವಿಗೆ ‘ಕಡಿಮೆ ಬರಬಹುದು ಎಂದು ಇವರಿಗೂ ಅನ್ನಿಸಿದೆ’ ಎಂದೇ ಕೇಳಿಸುತ್ತಿರಬಹುದು.

ಪರೀಕ್ಷೆಗಿಂತ ಕಾಯುವ ದಿನಗಳು ಕಷ್ಟ, ಏಕೆಂದರೆ ಮಾಡಲು ಏನೂ ಉಳಿದಿರುವುದಿಲ್ಲ. ಅಂಕ ಲೆಕ್ಕ ಹಾಕಿದಾಗ ಒಂದು ಗಳಿಗೆ ಸಮಾಧಾನವಾಗುತ್ತದೆ, ಮರುಗಳಿಗೆ ಇನ್ನೊಂದು ಸಂಶಯ ಏಳುತ್ತದೆ, ಮತ್ತೆ ಲೆಕ್ಕ. ನಿದ್ದೆಗೆಟ್ಟಾಗ ಸಣ್ಣ ಚಿಂತೆಯೂ ಗುಡ್ಡವಾಗುತ್ತದೆ. ಹಾಗಾಗಿ ಮೊದಲು ನಿದ್ದೆಯನ್ನು ಸರಿಪಡಿಸಿ: ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿರಲಿ, ನಿಮ್ಮದೂ. ಪ್ರಶ್ನೆಪತ್ರಿಕೆಗಳನ್ನು ಅವಳ ಒಪ್ಪಿಗೆಯಿಂದಲೇ ಕಟ್ಟಿ ಅಟ್ಟಕ್ಕೆ ಹಾಕಿ. ಹರಕೆಯನ್ನು ಅಂಕದಿಂದ ಬಿಡಿಸಿಬಿಡಿ. ಹೂವಿನ ಪೂಜೆ ಹೇಗೂ ನಡೆಯುತ್ತದೆ, ಎಷ್ಟೇ ಬರಲಿ, ಎಂದು ಅವಳೆದುರೇ ಹೇಳಿ. ಇಲ್ಲವಾದರೆ ಅಂಕ ಕಡಿಮೆಯಾದಾಗ ದೇವರೂ ಕೈಬಿಟ್ಟರು ಎಂಬ ಭಾರವೂ ಸೇರಿಕೊಳ್ಳುತ್ತದೆ.

ಫಲಿತಾಂಶದ ದಿನವನ್ನು ಈಗಲೇ ಅವಳೊಂದಿಗೆ ಮಾತನಾಡಿ ಗೊತ್ತು ಮಾಡಿ. ನೋಂದಣಿ ಸಂಖ್ಯೆ ಹಾಕಿ ನೋಡುವವಳು ಅವಳೇ, ಬೇರೆ ಯಾರೂ ಮುಂಚಿತವಾಗಿ ನೋಡಬಾರದು. ಪಕ್ಕದಲ್ಲಿ ಯಾರಿರಬೇಕು ಎಂಬುದು ಅವಳ ಆಯ್ಕೆ. ಅದು ನೀವಲ್ಲದೆ ಚಿಕ್ಕಮ್ಮನಾದರೆ ಬೇಸರಿಸಬೇಡಿ. ಅಪ್ಪನ ಫೋನ್ ಸಂಜೆಯವರೆಗೆ ಆಫ್ ಇರಲಿ. ಯಾರು ಕೇಳಿದರೂ ‘ಪಾಸಾಗಿದ್ದಾಳೆ, ಸಂತೋಷ’ ಎಂಬಷ್ಟೇ ಉತ್ತರ ಸಾಕು, ಅಂಕ ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಅಂದು ಅವಳು ಕೋಣೆಯ ಚಿಲಕ ಹಾಕಿಕೊಳ್ಳದಂತೆ ನೋಡಿಕೊಳ್ಳಿ, ಮತ್ತು ಆ ಎಚ್ಚರ ಒಂದೇ ದಿನಕ್ಕೆ ಮುಗಿಯದಿರಲಿ. ಮೊದಲ ದಿನ ನಕ್ಕು ಓಡಾಡಿದ ಮಕ್ಕಳು ಮೂರನೆಯ ದಿನ, ಗೆಳತಿಯರ ಅಂಕವೆಲ್ಲ ತಿಳಿದ ಮೇಲೆ ಕುಸಿಯುವುದುಂಟು.

ಅಂಕ ನಿಜಕ್ಕೂ ಕಡಿಮೆ ಎನ್ನಿಸಿದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಮರುಮೌಲ್ಯಮಾಪನ ಕೇಳಬಹುದು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದದ್ದೇ ಉಳಿಯುತ್ತದೆ. ಆದರೆ ಈ ಮಾತು ಫಲಿತಾಂಶ ಬಂದ ಗಂಟೆಯಲ್ಲೇ ಬೇಡ. ಅತ್ತು ಮುಗಿಯಲಿ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿದ್ದೇನೆ. ಗೆಳೆಯರ ಮುಖ ನೋಡಲಾಗುತ್ತಿಲ್ಲ. ಮುಂಬಯಿಯಲ್ಲಿ ಮಾವನ ಹೋಟೆಲಿದೆ, ಯಾರಿಗೂ ಹೇಳದೆ ಅಲ್ಲಿಗೆ ಹೋಗಿಬಿಡಲೇ?
- ವಿದ್ಯಾರ್ಥಿ, ಸುರತ್ಕಲ್

ಉತ್ತರ: ಮಾವನ ಹೋಟೆಲು ಎಲ್ಲಿಗೂ ಓಡಿಹೋಗುವುದಿಲ್ಲ, ನೀನೂ ಓಡಬೇಡ. ನಾಚಿಕೆ ಮೊದಲ ವಾರದಲ್ಲಿ ಅತಿ ಜೋರಾಗಿರುತ್ತದೆ. ಆ ವಾರದಲ್ಲಿ ಊರು ಬಿಡುವಂಥ ನಿರ್ಧಾರ ಮಾಡಬಾರದು. ಎಲ್ಲ ಗೆಳೆಯರಿಗೂ ಮುಖ ತೋರಿಸಬೇಕಾಗಿಲ್ಲ, ಒಬ್ಬನಿಗೆ ತೋರಿಸು ಸಾಕು. ಈ ಪತ್ರವನ್ನೇ ಅವನಿಗೋ ಅಕ್ಕನಿಗೋ ಕೊಟ್ಟು ಓದಿಸು. ಮನೆಯಲ್ಲಿ ಹೇಳಲು ಭಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು. ಇನ್ನು ಪರೀಕ್ಷೆ-2ರಲ್ಲಿ, ಅಂದರೆ ಇದೇ ವರ್ಷದ ಎರಡನೆಯ ಪರೀಕ್ಷೆಯಲ್ಲಿ, ನೀನು ಬರೆಯಬೇಕಾದದ್ದು ಗಣಿತ ಒಂದನ್ನೇ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ದಿನಗಳೂ ಕಡಿಮೆ ಇರುತ್ತವೆ. ನಾಳೆ ಬೆಳಿಗ್ಗೆ ಮುಖ್ಯೋಪಾಧ್ಯಾಯರನ್ನು ಕಂಡು ಕೊನೆಯ ದಿನಾಂಕ ಕೇಳಿಕೊಂಡು ಬಾ.